ಸಂತೆ ದಿನದ ಸೂಜಿ

ನಮ್ಮ ಕಡೆ ಎಸ್ಟೇಟುಗಳಿಗೆ ಭಾನುವಾರ ರಜೆಯಿಲ್ಲ. ರಜೆ ಸಂತೆಯ ದಿನ. ಇಷ್ಟು ಸಣ್ಣ ವಿಷಯವನ್ನು ಮೇಲಿನ ಆಫೀಸಿನವರ ತಲೆಗೆ ಹಾಕಲು ನನ್ನಿಂದ ಆಗಲಿಲ್ಲ, ಸುಲೋಚನಮ್ಮನವರಿಂದಲೂ ಆಗಲಿಲ್ಲ. ಹೇಳಿ ಹೇಳಿ ನಮ್ಮ ಬಾಯಿ ನೋಯಿತು, ಅಷ್ಟೇ.

ಸುಲೋಚನಮ್ಮ ನಮ್ಮೂರಿನ ಆರೋಗ್ಯ ಉಪಕೇಂದ್ರದ ನರ್ಸು. ವನಗೂರಿನ ಕಡೆ ಹತ್ತುವ ದಾರಿಯಲ್ಲಿ, ಬಸ್ಸು ನಿಲ್ಲುವ ಜಾಗದ ಎದುರಿಗೆ, ಹಂಚು ಹೊದಿಸಿದ ಎರಡು ಕೋಣೆ. ಅದೇ ಉಪಕೇಂದ್ರ. ಡಾಕ್ಟರು ಅಲ್ಲಿಗೆ ಬರುವುದಿಲ್ಲ. ಬಸುರಿಯರನ್ನು ನೋಡುವುದು, ಮಕ್ಕಳಿಗೆ ಲಸಿಕೆ ಹಾಕುವುದು, ಮುದುಕರಿಗೆ ಬಿಪಿ ಮಾತ್ರೆ ಕೊಡುವುದು, ಕೊನೆಗೆ ಕಸ ಗುಡಿಸುವುದು ಕೂಡ ಆಕೆಯೇ. ಆಲೂರಿನ ಕಡೆಯವರು. ಗಂಡ ಏಕಾಂತಯ್ಯನವರಿಗೆ ಅಲ್ಲಿ ಕಿರಾಣಿ ಅಂಗಡಿ. ಒಂದು ವರ್ಷ ನೋಡೋಣ ಎಂದುಕೊಂಡು ಗುತ್ತಿಗೆಯ ಕೆಲಸಕ್ಕೆ ಬಂದವರು, ಕೆಲಸ ಖಾಯಂ ಆಗುವ ಹೊತ್ತಿಗೆ ಮಂಡಿ ಸವೆಸಿಕೊಂಡಿದ್ದರು.

ನಾನು ನಟರಾಜ್, ಪಂಚಾಯ್ತಿ ಮೆಂಬರು. ಸ್ವಲ್ಪ ಕಾಫಿ ತೋಟ, ಒಂದು ಹಳೇ ಜೀಪು, ಬೇಕಾದ್ದಕ್ಕೂ ಬೇಡವಾದ್ದಕ್ಕೂ ಬರುವ ಸಿಟ್ಟು, ಇವಿಷ್ಟು ನನ್ನ ಆಸ್ತಿ. ಉಪಕೇಂದ್ರದ ಖರ್ಚಿಗೆ ವರ್ಷಕ್ಕೊಮ್ಮೆ ಸರ್ಕಾರ ‘ಮುಕ್ತನಿಧಿ’ ಅಂತ ಕಳಿಸುತ್ತದೆ. ಬ್ಯಾಂಕಿನ ಖಾತೆ ನನ್ನ ಮತ್ತು ಸುಲೋಚನಮ್ಮನವರ ಜಂಟಿ ಹೆಸರಿನಲ್ಲಿದೆ. ಹೆಸರಿಗೆ ಮಾತ್ರ ಮುಕ್ತ. ಅದು ಬಂದು ಬೀಳುವುದು ಮಾರ್ಚಿ ಮುಗಿಯುವಾಗ, ಮಾರ್ಚಿ ಮುಗಿಯುವುದರೊಳಗೆ ಖರ್ಚಾಗದಿದ್ದರೆ ವಾಪಸ್ಸು. ಹಂಚು ಸೋರುವಾಗ ಬಾರದ ದುಡ್ಡು ಬಿರುಬಿಸಿಲಲ್ಲಿ ಬಂದರೆ ಅದನ್ನು ತಲೆಗೆ ಕಟ್ಟಿಕೊಳ್ಳಬೇಕೇ? ಉಳಿದ ದಿನಗಳಲ್ಲಿ ಫಿನಾಯಿಲು, ಸೋಪು, ಬಲ್ಬು ಎಲ್ಲ ಬರುತ್ತಿದ್ದದ್ದು ಏಕಾಂತಯ್ಯನವರ ಅಂಗಡಿಯಿಂದ. “ನಿಮ್ಮೂರ ಆಸ್ಪತ್ರೆ ನಡೆಸ್ತಿರೋದು ಸರ್ಕಾರ ಅಲ್ಲ ಕಣ್ರೀ, ನಾನು” ಎಂದು ಅವರು ಸಿಕ್ಕಾಗಲೆಲ್ಲ ಕುಟುಕುತ್ತಿದ್ದರು.

ಸರ್ಕಾರದ ಲಸಿಕೆ ದಿನ ಗುರುವಾರ. ಆದರೆ ಗುರುವಾರ ನಮ್ಮಲ್ಲಿ ಲಸಿಕೆಗೆ ಬರುವವರು ಯಾರು? ಬೆಳೆಗಾರರ ಮನೆಯ ಮಕ್ಕಳಿಗೆ ಸಕಲೇಶಪುರದ ಡಾಕ್ಟರುಗಳಿದ್ದಾರೆ. ಉಪಕೇಂದ್ರದ ಬೆಂಚು ಬೇಕಾಗಿರುವುದು ಎಸ್ಟೇಟಿನ ಲೈನ್ ಮನೆಗಳಲ್ಲಿ ಇರುವ ಕೂಲಿ ಹೆಂಗಸರಿಗೆ. ಈಗೀಗ ಅಸ್ಸಾಂ ಕಡೆಯಿಂದ ಬಂದವರೇ ಹೆಚ್ಚು. ಗುರುವಾರ ಅವರು ತೋಟದಲ್ಲಿರುತ್ತಾರೆ. ಮಧ್ಯಾಹ್ನ ಬಿಟ್ಟು ಬಂದರೆ ಇಡೀ ದಿನದ ಕೂಲಿ ಹೋಯಿತು. ಕೆಲಸ ಮುಗಿಸಿ ಸಂಜೆ ಬರೋಣವೆಂದರೆ ದಾರಿಯಲ್ಲಿ ಆನೆ ನಿಂತಿರುತ್ತದೆ.

ಹಾಗಾಗಿ ಸುಲೋಚನಮ್ಮ ಲಸಿಕೆಯನ್ನೇ ಸಂತೆಯ ದಿನಕ್ಕೆ ತಂದರು. ಕೆಳಗಿನ ಆಸ್ಪತ್ರೆಯಲ್ಲಿ ಆಗಿದ್ದ ಡಾಕ್ಟರು ಒಳ್ಳೆಯವರು, ಬಾಯಲ್ಲೇ ಹೂಂ ಅಂದಿದ್ದರು. ಸಂತೆಯ ಬೆಳಗ್ಗೆ ಐಸ್ ಇಟ್ಟ ನೀಲಿ ಲಸಿಕೆ ಡಬ್ಬಿಯನ್ನು ಹೆಗಲಿಗೆ ಹಾಕಿಕೊಂಡು ಆಕೆ ಬಸ್ಸಿನಲ್ಲಿ ಮೇಲೆ ಬರುವರು. ಬಸ್ಸು ತಪ್ಪಿದರೆ ನನ್ನ ಜೀಪು ಹೋಗಬೇಕು. ಲೈನಿನ ಹೆಂಗಸರು ಖಾಲಿ ಚೀಲ ಮಡಚಿ ಕಂಕುಳಲ್ಲಿಟ್ಟುಕೊಂಡು ಕಾಯುತ್ತಿರುವರು. ಮಗುವಿಗೆ ಸೂಜಿ ಹಾಕಿಸಿ, ಅಳುವ ಮಗುವನ್ನು ಸೊಂಟಕ್ಕೇರಿಸಿ, ಮುಂದಿನ ಬಸ್ಸಿಗೆ ಸಂತೆಗೆ ಇಳಿಯುವರು. ಕನ್ನಡ ಬಾರದವರಿಗೂ ‘ಸಂತೆ ಸೂಜಿ’ ಎಂಬ ಮಾತು ಗೊತ್ತಿತ್ತು.

ಆ ಡಾಕ್ಟರಿಗೆ ವರ್ಗವಾಯಿತು. ಬಾಯಿಮಾತಿನ ಒಪ್ಪಿಗೆಯೂ ಅವರ ಜೊತೆಗೇ ಹೋಯಿತು. ಕಾಫಿ ಕೊಯ್ಲಿನ ಭರಾಟೆಯಲ್ಲಿ ಒಂದು ಗುರುವಾರ ಮೇಲಿನ ಆಫೀಸಿನಿಂದ ಒಬ್ಬ ಸಾಹೇಬರು ತಪಾಸಣೆಗೆ ಬಂದರು. ಬೆಂಚು ಖಾಲಿ. ಸುಲೋಚನಮ್ಮ ಒಬ್ಬರೇ ಕೂತು ಮಾತ್ರೆ ವಿಂಗಡಿಸುತ್ತಿದ್ದರು.

“ಜನ ಎಲ್ಲಮ್ಮ?”

“ಸಂತೆ ದಿನ ಬರ್ತಾರೆ ಸಾರ್.”

“ಸಂತೆ ದಿನ ಅಂತ ಯಾವ ಆದೇಶದಲ್ಲಿದೆ?”

ಸಾಹೇಬರು ಕೆಟ್ಟವರೇನಲ್ಲ, ಅದನ್ನೂ ಹೇಳಿಬಿಡುತ್ತೇನೆ. ಕೆಳಗಿನ ದೊಡ್ಡ ಆಸ್ಪತ್ರೆಯಲ್ಲಿ ನರ್ಸುಗಳು ಸಾಲದೆ ಗಲಾಟೆಯಾಗಿತ್ತು. ಹೊಸಬರನ್ನು ತುಂಬಲು ಸರ್ಕಾರದಿಂದ ಮಂಜೂರಾತಿ ಬಂದಿರಲಿಲ್ಲ. ಎಲ್ಲಿಂದಲಾದರೂ ಒಬ್ಬರನ್ನು ಕಿತ್ತು ಅಲ್ಲಿಗೆ ಹಾಕಲೇಬೇಕಿತ್ತು. ಮುಂದಿನ ಗುರುವಾರ ಮತ್ತೆ ಬರುತ್ತೇನೆ, ಆವತ್ತೂ ಹೀಗೇ ಖಾಲಿಯಿದ್ದರೆ ನಿಮ್ಮನ್ನು ಕೆಳಗೆ ಕರೆಸಿಕೊಳ್ಳುತ್ತೇನೆ ಎಂದು ಹೇಳಿ ಹೋದರು.

ಸುಲೋಚನಮ್ಮ ಇದನ್ನು ನನಗೆ ಹೇಳಿದ್ದು ಬಸ್ಸು ಲೇಟು ಎನ್ನುವ ಹಾಗೆ, ತಣ್ಣಗೆ. ಸಿಟ್ಟು ನೆತ್ತಿಗೇರಿದ್ದು ನನಗೆ. ನೇರವಾಗಿ ದೊಡ್ಡ ಎಸ್ಟೇಟಿನ ರೈಟರ್ ಯೋಗಾನಂದನ ಹತ್ತಿರ ಹೋದೆ. ಯಾರನ್ನು ಎಲ್ಲಿ ಕೆಲಸಕ್ಕೆ ಬಿಡಬೇಕೆಂದು ನೋಡುವವನು ಅವನು.

“ಒಂದೇ ಒಂದು ಗುರುವಾರ ಹೆಂಗಸ್ರನ್ನ ಬುಡು ಮಾರಾಯ. ಕೂಲಿ ಹಿಡೀಬೇಡ.”

“ಹಣ್ಣು ಉದುರ್ತಾ ಐತೆ ಕಣಣ್ಣ. ಸಾಹುಕಾರ್ರಿಗೆ ನಾನೇನು ಹೇಳ್ಲಿ? ಸಂತೆ ದಿನ ಎಷ್ಟು ಜನ ಬೇಕೋ ಕರ್ಕೊಂಡೋಗಿ.” ಆಮೇಲೆ ಮೆಲ್ಲಗೆ ಕೇಳಿದ, “ನಿಮ್ಮ ತೋಟದೋರ್ನ ನೀವು ಬುಡ್ತೀರಾ?”

ನಾನು ಜೀಪು ಹತ್ತಿದೆ. ನನ್ನ ತೋಟದಲ್ಲೂ ಹಣ್ಣು ಉದುರುತ್ತಿತ್ತು.

ಲೈನಿನವರು ಬರದಿದ್ದರೆ ಊರಿನವರೇ ಬೆಂಚು ತುಂಬೋಣ ಎಂದುಕೊಂಡೆ. ಬೆಳೆಗಾರರಿಗೆಲ್ಲ ಫೋನು ಮಾಡಿದೆ. ನಮ್ಮವರು ಮರ್ಯಾದೆಯ ಜನ, ಯಾರೂ ಇಲ್ಲ ಅನ್ನಲಿಲ್ಲ. ಆ ಮರ್ಯಾದೆಯೇ ನಮ್ಮನ್ನು ಹಾಳು ಮಾಡಿತು. ಅಧಿಕಾರಿಯ ಮುಂದೆ ತೋಟದ ಬಟ್ಟೆಯಲ್ಲಿ ನಿಲ್ಲುವುದು ನಮ್ಮವರಿಗೆ ಆಗದ ಮಾತು. ನನ್ನ ಹೆಂಡತಿ ಚೈತ್ರಶ್ರೀ ರೇಷ್ಮೆ ಸೀರೆಗೇ ಕೈ ಹಾಕಿದಳು. ಹೋಗುತ್ತಿರುವುದು ಬಿಪಿ ನೋಡಿಸಲು ಕಣೇ ಎಂದರೆ, “ನಾಲ್ಕು ಜನ ಸೇರೋ ಕಡೆ ಹೆಂಗೆಂಗೋ ಬರಕ್ಕಾಗ್ತದಾ?” ಎಂದು ನನ್ನನ್ನೇ ದಬಾಯಿಸಿದಳು.

ಗುರುವಾರ ಬೆಳಗ್ಗೆ ಉಪಕೇಂದ್ರದ ಮುಂದಿನಿಂದ ತಿರುವಿನವರೆಗೂ ಜೀಪು, ಕಾರು. ಒಬ್ಬರು ಹಾರ ತಂದರು, ಇನ್ನೊಬ್ಬರು ಕಡುಬು, ಮತ್ತೊಬ್ಬರು ಫ್ಲಾಸ್ಕಿನಲ್ಲಿ ತಮ್ಮದೇ ತೋಟದ ಕಾಫಿ. ಇಸ್ತ್ರಿ ಮಾಡಿದ ಬಿಳಿ ಅಂಗಿಗಳು ಬೆಂಚಿನ ತುಂಬ ಕೂತವು. ಸುಲೋಚನಮ್ಮ ಬಾಗಿಲಿಗೆ ಬಂದು ರಸ್ತೆಯನ್ನೊಮ್ಮೆ ನೋಡಿದರು.

“ಇಷ್ಟೊಂದು ಕಾರು ಯಾಕೆ ಮೆಂಬರ್ರೇ?”

“ನಿಮ್ಮ ಮೇಲಿನ ಪ್ರೀತಿ ಕಣಮ್ಮ” ಎಂದು ನಾನು ಬೀಗಿದೆ.

ಆಕೆ ಒಬ್ಬೊಬ್ಬರ ತೋಳಿಗೂ ಬಿಪಿ ಪಟ್ಟಿ ಕಟ್ಟತೊಡಗಿದರು. ಸಾಹೇಬರ ಗಾಡಿಗೆ ನಿಲ್ಲಲು ಜಾಗವಿಲ್ಲದೆ ಅವರು ಕೆಳಗಿನಿಂದ ನಡೆದೇ ಹತ್ತಿ ಬಂದರು. ಹಾರ ಹಾಕಿಸಿಕೊಂಡರು, ಕಡುಬು ಚೆನ್ನಾಗಿದೆ ಎಂದು ಇನ್ನೊಂದು ಹಾಕಿಸಿಕೊಂಡರು. ಎಲ್ಲರಿಗೂ ಕೈ ಮುಗಿದು ಹೋದರು. ಗೆದ್ದೆವು ಎಂದು ನಾವು ಉಳಿದ ಕಾಫಿ ಕುಡಿದೆವು.

ಸ್ವಲ್ಪ ದಿನಕ್ಕೆ ಆದೇಶ ಬಂತು. ಗ್ರಾಮಸ್ಥರಿಗೆ ಸ್ವಂತ ವಾಹನ ಸೌಕರ್ಯವಿರುವುದು ಕಂಡುಬಂದಿರುವುದರಿಂದ ಸದರಿ ಶುಶ್ರೂಷಕಿಯನ್ನು ಹೆಚ್ಚಿನ ಜನದಟ್ಟಣೆಯ ಆಸ್ಪತ್ರೆಗೆ ನಿಯೋಜಿಸಲಾಗಿದೆ ಎಂದಿತ್ತು. ವರ್ಗಾವಣೆಯಾದರೂ ಆಗಿದ್ದರೆ ಖಾಲಿಯಾದ ಜಾಗಕ್ಕೆ ಇನ್ನೊಬ್ಬರನ್ನು ಕೇಳಬಹುದಿತ್ತು. ಇದು ನಿಯೋಜನೆ. ಹುದ್ದೆ ನಮ್ಮೂರಿನದೇ, ಸಂಬಳವೂ ನಮ್ಮೂರಿನ ಲೆಕ್ಕದಲ್ಲೇ, ಕೆಲಸ ಮಾತ್ರ ಅಲ್ಲಿ. ಕಾಗದದ ಮೇಲೆ ಸುಲೋಚನಮ್ಮ ಇವತ್ತಿಗೂ ನಮ್ಮೂರಿನ ಉಪಕೇಂದ್ರದಲ್ಲೇ ಇದ್ದಾರೆ. ಇರುವವರನ್ನು ಮತ್ತೆ ಕೊಡಿ ಎಂದು ಕೇಳುವುದು ಹೇಗೆ?

ನಾನು ಫೋನಿನಲ್ಲಿ ಯಾರ್ಯಾರ ಮೇಲೋ ಕೂಗಾಡಿದೆ. ಸುಲೋಚನಮ್ಮ ಬೀಗದ ಕೈ ಕೊಡಲು ಬಂದರು.

“ಬುಡಿ ಮೆಂಬರ್ರೇ, ಯಾರನ್ನೂ ಬೈಬೇಡಿ. ಅಲ್ಲಿ ಕೂತ್ಕೊಂಡು ಮಾಡೋ ಕೆಲಸವಂತೆ. ನಂಗೂ ಸಾಕಾಗೈತೆ, ಮಂಡಿಗೂ ಸಾಕಾಗೈತೆ.” ಹೊರಟವರು ಬೆಂಚಿನ ಹತ್ತಿರ ನಿಂತರು. “ಸಂತೆ ದಿನ ಬಂದೋರಿಗೆ ಹೇಳ್ಬುಡಿ.”

ಹೇಳುವುದು ನನ್ನ ಪಾಲಿಗೆ ಬಂತು. ಸಂತೆಯ ಬೆಳಗ್ಗೆ ಬಾಗಿಲಿಗೆ ಬೀಗ, ಬೆಂಚಿನ ತುಂಬ ಹೆಂಗಸರು. ಒಂಬತ್ತು ತಿಂಗಳ ಮಗುವನ್ನೆತ್ತಿಕೊಂಡ ಅಸ್ಸಾಮಿನ ಹುಡುಗಿಯೊಬ್ಬಳು ಎದ್ದು ಬಂದಳು. ಅದಕ್ಕೆ ದಡಾರದ ಸೂಜಿ ಆಗಬೇಕಿತ್ತು. “ಸಿಸ್ಟರ್ ಬಸ್ ಮಿಸ್ಸಾ? ಜೀಪ್ ಹೋಗಲ್ಲಾ?” ಎಂದು ಕೇಳಿದಳು. ಹಿಂದೆ ಎಷ್ಟೋ ಸಲ ನನ್ನ ಜೀಪಿನಲ್ಲಿ ಸಿಸ್ಟರ್ ಬಂದದ್ದನ್ನು ಅವಳು ನೋಡಿದ್ದಳು. ನಿಯೋಜನೆ ಎಂಬ ಮಾತನ್ನು ಅವಳಿಗೆ ಯಾವ ಭಾಷೆಯಲ್ಲಿ ಹೇಳಲಿ? ಜೀಪು ತೆಗೆದೆ. ಹಿಡಿಸಿದಷ್ಟು ತಾಯಂದಿರನ್ನು ಹತ್ತಿಸಿಕೊಂಡು ಕೆಳಗಿನ ಆಸ್ಪತ್ರೆಗೆ ಹೋದೆ. ಉಳಿದವರು ಬೆಂಚಿನ ಮೇಲೆಯೇ ಕೂತರು.

ಸುಲೋಚನಮ್ಮ ಅಲ್ಲಿ ಚೀಟಿ ಬರೆದುಕೊಡುವ ಕಿಟಕಿಯಲ್ಲಿದ್ದರು. ನಮ್ಮನ್ನು ಕಂಡು ಮಂಡಿ ಹಿಡಿದುಕೊಂಡು ಎದ್ದರು, ಹೊರಗೆ ಬಂದು ಮಗುವಿನ ತೊಡೆ ಸವರಿದರು, ಒಳಗೆ ಹೋದರು. ಬೇಗನೇ ವಾಪಸು ಬಂದರು.

“ಇಲ್ಲಿ ಗುರುವಾರ ಮಾತ್ರವಂತೆ. ಇಷ್ಟೇ ಮಕ್ಕಳಿಗೋಸ್ಕರ ಲಸಿಕೆ ಶೀಶೆ ಒಡೆದ್ರೆ ಉಳಿದದ್ದು ವೇಸ್ಟಂತೆ.”

“ನೀವು ಹೇಳ್ಬೇಕಿತ್ತು ಕಣಮ್ಮ.”

“ಹೇಳ್ದೆ. ಸಂತೆ ದಿನ ಹಾಕಿ ಅಂತ ಆದೇಶ ಐತಾ ಅಂದ್ರು.”

ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಆಕೆ ಕಿಟಕಿಯ ಒಳಗೆ ಹೋಗಿ ಕೂತು ಹುಡುಗಿಯನ್ನು ಹತ್ತಿರ ಕರೆದರು.

“ಗುರುವಾರ ಬಾ ಕಣೇ.”

ಸಿಸ್ಟರ್ ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ಹುಡುಗಿ ನಕ್ಕಳು. “ಸಿಸ್ಟರ್, ಗುರುವಾರ ಕೆಲಸ.”

“ಗೊತ್ತು ಕಣವ್ವ” ಎಂದು ಸುಲೋಚನಮ್ಮ ಅವಳ ಹಿಂದೆ ಚೀಟಿಗೆ ನಿಂತವರ ಕಡೆ ಕೈ ಚಾಚಿ, ಹೆಸರೇನು ಎಂದು ಕೇಳಿದರು.