ಗರಸಿನ ದಾರಿಯಲ್ಲಿ ಅಳಿಯನ ಜೊತೆ

ಅಳಿಯನ ಎದುರು ಸೋಲಬಾರದು ಎಂಬುದು ನಮ್ಮ ಕಡೆಯ ಮಾವಂದಿರಿಗೆ ಯಾರೂ ಹೇಳಿಕೊಡದೆ ಬರುವ ಚಟ. ನನಗೂ ಇದೆ. ಸಿಕಂದರಾಬಾದಿನ ಕಡೆ ಕೇಂದ್ರ ಸರ್ಕಾರದ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತನಾದ ಮೇಲೆ, ನನ್ನ ಓರಗೆಯವರೆಲ್ಲ ಮಾತ್ರೆಗಳ ಹೆಸರು ಬಾಯಿಪಾಠ ಮಾಡುತ್ತ ಕೂತರೆ ನಾನು ಅಳಿಯ ಕೊಡಿಸಿದ ಸೈಕಲ್ ಹತ್ತಿ ಕಾಡು ಸುತ್ತತೊಡಗಿದೆ. ಗರಸುಗಲ್ಲಿನ ದಾರಿಗೆಂದೇ ಮಾಡಿದ ಅದಕ್ಕೆ ಗ್ರಾವೆಲ್ ಬೈಕ್ ಎನ್ನುತ್ತಾರೆ. ದಪ್ಪ ಟಯರು, ಬಾಗಿದ ಹ್ಯಾಂಡಲ್ಲು. ಬೈಕ್ ಅಂದರೂ ಎಂಜಿನ್ ಇಲ್ಲ, ಎಂಜಿನ್ ನಾನೇ.

ಅಳಿಯ ಬಾಗಲಕೋಟೆ ಕಡೆಯವನು. ನಮ್ಮ ನಗರದಲ್ಲೇ, ಗಚ್ಚಿಬೌಲಿಯಲ್ಲಿ ಕೆಲಸ, ಮಣಿಕೊಂಡದಲ್ಲಿ ಮನೆ. ಮದುವೆಯಾಗಿ ಆಗ ನಾಲ್ಕು ವರ್ಷ. ಅಲ್ಲಿಯವರೆಗೆ ಅವನು ನನ್ನೆದುರು ಕುರ್ಚಿಗೆ ಬೆನ್ನು ಆನಿಸಿ ಕೂತವನಲ್ಲ, ನಾನು ಅವನಿಗೆ ‘ರಿ’ ಹಚ್ಚದೆ ಮಾತಾಡಿದವನಲ್ಲ. ಊಟಕ್ಕೆ ಕೂತರೆ ಅವನು ಉಣ್ಣಲಿ ಎಂದು ನಾನು ಕಾಯುತ್ತೇನೆ, ನಾನು ಮೊದಲ ತುತ್ತು ಎತ್ತಲಿ ಎಂದು ಅವನು ಕಾಯುತ್ತಾನೆ. ಇವರಿಬ್ಬರ ದೆಸೆಯಿಂದ ಈ ಮನೆಯಲ್ಲಿ ಬಿಸಿ ರೊಟ್ಟಿ ತಿಂದವರಿಲ್ಲ ಎಂದು ನನ್ನ ಹೆಂಡತಿ ಆಡಿಕೊಳ್ಳುತ್ತಾಳೆ.

ಮಾರ್ಚ್ ಕೊನೆಯ ಒಂದು ಭಾನುವಾರ ಬೆಳಿಗ್ಗೆ ಕಾರಿನ ಹಿಂದೆ ಸೈಕಲ್ ಕಟ್ಟಿಕೊಂಡು ವಿಕಾರಾಬಾದಿನ ಕಡೆ ಹೊರಟೆವು. ಮಗಳು ಬಸುರಿ. ಬಾಗಿಲಲ್ಲಿ ನನ್ನನ್ನು ಪಕ್ಕಕ್ಕೆ ಕರೆದು, “ಅಪ್ಪಾಜಿ, ಅವರಿಗೆ ಹ್ವಾದ ವಾರ ಜ್ವರ ಬಂದಿತ್ತು. ಬಿಸಿಲಾಗ ಅಡ್ಡಾಡಸಬ್ಯಾಡ್ರಿ, ನೋಡ್ಕೋರಿ” ಅಂದಳು. ನೋಡಿಕೊಳ್ಳುತ್ತೇನೆ ಅಂದೆ. ಅಪ್ಪನಿಗೆ ವಯಸ್ಸಾಗಿದೆ, ನೋಡಿಕೊಳ್ಳಿ ಎಂದು ಅವನಿಗೂ ಹೇಳಿದ್ದಳಂತೆ. ಅದು ನನಗೆ ಗೊತ್ತಾದದ್ದು ಆಮೇಲೆ.

ಅಲ್ಲಿನ ಅನಂತಗಿರಿಯ ಗುಡ್ಡಗಳು ಎತ್ತರದವಲ್ಲ. ಏರುತ್ತವೆ, ಉಸಿರು ಕಟ್ಟುವಷ್ಟರಲ್ಲಿ ಇಳಿಯುತ್ತವೆ. ಕೆಂಪು ಗರಸಿನ ದಾರಿ, ಎರಡೂ ಬದಿ ತೇಗ, ನಡುನಡುವೆ ಎಲೆಯೇ ಇಲ್ಲದೆ ಹೂವಾಗಿ ನಿಂತ ಮುತ್ತುಗ. ಟಯರಿನ ಗಾಳಿ ಸ್ವಲ್ಪ ಇಳಿಸಿಕೊಂಡರೆ ಚಕ್ರ ಜಾರುವುದಿಲ್ಲ, ಕೆಳಗೆ ಗರಸು ಹುರಿದಂತೆ ಸದ್ದು ಮಾಡುತ್ತದೆ. ಅಳಿಯ ರಾತ್ರಿಯೆಲ್ಲ ಕಂಪ್ಯೂಟರಿನಲ್ಲಿ ನಕ್ಷೆ ಎಳೆದು, ಟಾರು ರಸ್ತೆ ಎಲ್ಲೂ ತಾಗದ ದಾರಿ ಹುಡುಕಿರುತ್ತಾನೆ. ದಾರಿಯಲ್ಲಿ ಊರು ಸಿಗದಿದ್ದಷ್ಟೂ ಅವನಿಗೆ ಖುಷಿ. ನನಗೆ ಊರು ಸಿಗಬೇಕು, ಚಹಾ ಸಿಗಬೇಕು. ಆದರೆ ಹೇಳಿದವನಲ್ಲ.

ಮೊದಲು ನನ್ನ ಟಯರಿಗೆ ಮುಳ್ಳು ಹೊಕ್ಕು ತಡವಾಯಿತು. ಬಿಸಿಲು ಏರಿತು. ಅಷ್ಟರಲ್ಲಿ ನಕ್ಷೆಯ ದಾರಿಗೆ ಅಡ್ಡಲಾಗಿ ಹೊಸದಾಗಿ ತೋಡಿದ ಆಳವಾದ ಕಂದಕ ಎದುರಾಯಿತು. ದಾಟುವಂತಿಲ್ಲ. ಎಡಕ್ಕೆ ಗುಡ್ಡ ಸುತ್ತಿ ಹೋಗುವ ಒಂದು ಬಂಡಿದಾರಿ ಇತ್ತು, ಎಲ್ಲಿಗೆ ಹೋಗುತ್ತದೋ ಫೋನೂ ಹೇಳಲಿಲ್ಲ. ಸಿಗ್ನಲ್ ಯಾವಾಗಲೋ ಹೋಗಿತ್ತು.

“ಮಾವಾರ, ಹಿಂದಕ್ಕ ಹೋಗೂಣೇನ್ರಿ?”

“ನಿಮಗ ಹೆಂಗ ಅನಸ್ತೈತಿ ಹಂಗ ಮಾಡೂಣ್ರಿ ಅಳಿಯಾರ.”

“ಇಲ್ರಿ, ನೀವು ಹೇಳಿದಂಗ.”

ನನಗೆ ಹಿಂದಿರುಗುವ ಮನಸ್ಸು. ಅವನಿಗೂ ಅದೇ ಮನಸ್ಸಂತೆ. ಅವನಿಗೆ ಮುಂದೆ ಹೋಗುವ ಆಸೆ ಇದೆ ಎಂದುಕೊಂಡು ನಾನು ಹ್ಞೂ ಅಂದೆ, ನನಗೆ ಆಸೆ ಇದೆ ಎಂದುಕೊಂಡು ಅವನು ಪೆಡಲ್ ತುಳಿದ. ಹೀಗೆ ಯಾರಿಗೂ ಬೇಡವಾದ ದಾರಿ ಹಿಡಿದೆವು.

ಬಂಡಿದಾರಿ ಮುಗಿಯಲೇ ಇಲ್ಲ. ಒಂದು ಏರು ಮುಗಿದರೆ ಇನ್ನೊಂದು. ಗರಸು ಹೋಗಿ ಮುಷ್ಟಿಗಾತ್ರದ ಕಲ್ಲು ಬಂತು. ತೇಗದ ಎಲೆಯೆಲ್ಲ ಉದುರಿ ನೆಲದಲ್ಲಿತ್ತು, ತಲೆಯ ಮೇಲೆ ನೆರಳಿರಲಿಲ್ಲ. ನೀರಿಗೆ ನಮ್ಮ ಹತ್ತಿರ ಒಂದೊಂದು ಕಪ್ಪು ಬಾಟಲಿ ಉಳಿದಿತ್ತು. ಒಳಗೆ ಎಷ್ಟಿದೆ ಎಂದು ಹೊರಗಿನಿಂದ ಕಾಣುವುದಿಲ್ಲ.

“ನೀರು ಐತೇನ್ರಿ ಅಳಿಯಾರ?”

“ಭಾಳ ಐತ್ರಿ. ನೀವು ಕುಡೀರಿ.”

ನನಗೆ ನಂಬಿಕೆ ಬರಲಿಲ್ಲ. ಹಸಿದಾಗಲೂ ಹೊಟ್ಟೆ ತುಂಬಿದೆ ಅನ್ನುವ ಜಾತಿ ಅದು. ಇವನ ನೀರು ಮುಗಿದಿದೆ, ನಾನು ಕುಡಿಯಲಿ ಎಂದು ಸುಳ್ಳು ಹೇಳುತ್ತಿದ್ದಾನೆ ಎಂದುಕೊಂಡೆ. ನನ್ನದನ್ನು ಅವನಿಗಾಗಿ ಉಳಿಸುವುದೆಂದು ನಿರ್ಧರಿಸಿ, ಬಾಟಲಿ ಎತ್ತಿ ತುಟಿ ಒದ್ದೆ ಮಾಡಿಕೊಂಡು ಇಟ್ಟೆ. ಅವನೂ ಬಾಟಲಿ ಎತ್ತಿದ. ಅವನ ಗಂಟಲು ಅಲುಗಲಿಲ್ಲ. ನೋಡು, ಖಾಲಿ ಬಾಟಲಿ ಎತ್ತಿ ನಾಟಕ ಮಾಡುತ್ತಾನೆ ಎಂದು ನನಗೆ ಸಿಟ್ಟೂ ಬಂತು, ಕನಿಕರವೂ ಆಯಿತು.

ಮುಂದಿನ ಏರಿನಲ್ಲಿ ಅವನ ಸೈಕಲ್ ಆಚೆ ಈಚೆ ಹೊಯ್ದಾಡತೊಡಗಿತು. ಯಾವಾಗಲೂ ನನಗಿಂತ ಮುಂದಿರಬಾರದೆಂದು ಬೇಕಂತಲೇ ನಿಧಾನವಾಗಿ ಹೋಗುವವನು, ಆ ದಿನ ನಿಜವಾಗಿಯೇ ಹಿಂದೆ ಬಿದ್ದ. ಗೆದ್ದೆ ಎಂದು ಒಂದು ಕ್ಷಣ ಒಳಗೊಳಗೇ ಹಿಗ್ಗಿದ್ದು ಸುಳ್ಳಲ್ಲ. ತಿರುಗಿ ನೋಡಿದರೆ ಅವನು ಸೈಕಲ್ ಅನ್ನು ಅಲ್ಲೇ ಬೀಳಗೊಟ್ಟು ದಾರಿಯ ನಡುವೆ ಕೂತಿದ್ದ. ನಾನು ಹತ್ತಿರ ಹೋಗಿ ನಿಂತೆ. ಏಳಲಿಲ್ಲ. ಎರಡೂ ಕಾಲು ನನ್ನ ಕಡೆಗೇ ಚಾಚಿದ್ದ, ಬೂಟಿನ ಅಟ್ಟೆ ನನ್ನ ಮುಖಕ್ಕೆ ಕಾಣುತ್ತಿತ್ತು. ಹಿರಿಯರ ಎದುರು ಕಾಲು ಚಾಚುವುದೇ ಎಂದು ನನ್ನ ಮೈ ಉರಿಯಿತು. ಒಂದು ಮಾತು ಆಡಿಯೇಬಿಡುತ್ತಿದ್ದೆ.

ಆಗ ಅವನ ತೋಳು ನೋಡಿದೆ. ಆ ಉರಿಬಿಸಿಲಿನಲ್ಲಿ ಬೆವರಿನ ಹನಿ ಇಲ್ಲ. ಮುಟ್ಟಿದರೆ ಒಣ ಚರ್ಮ, ಕಾದ ಹಂಚು. ಹಲ್ಲು ಕಟಕಟ ಅನ್ನುತ್ತಿದ್ದವು. ಕಣ್ಣು ನನ್ನ ಮೇಲಿದ್ದರೂ ನನ್ನನ್ನು ನೋಡುತ್ತಿರಲಿಲ್ಲ. ಅವನಿಗೆ ಬಿಸಿಲು ಬಡಿದಿತ್ತು.

ಕಂಕುಳಿಗೆ ಕೈಹಾಕಿ ಎಳೆದೆ. ಪಕ್ಕದಲ್ಲಿ ಒಂದು ಬಂಡೆ, ಅದರ ಬುಡದಲ್ಲಿ ಒಬ್ಬನಿಗೆ ಸಾಲುವಷ್ಟು ನೆರಳು. ಅಲ್ಲಿ ಒರಗಿಸಿ ನನ್ನ ಬಾಟಲಿ ಅವನ ಬಾಯಿಗೆ ಹಿಡಿದೆ. ಅವನು ಕೈಯಿಂದ ತಳ್ಳಿ, “ನೀವು... ನೀವು ಕುಡೀರಿ” ಅಂದ.

“ಕುಡಿಯೋ ಹುಚ್ಚಾ” ಅಂದೆ. ಅವನಿಗೆ ನಾನು ಹಾಗೆ ಮಾತಾಡಿದ್ದು ಅದೇ ಮೊದಲು. ಅವನು ಒಂದು ಗುಟುಕು ನುಂಗಿದ, ಎರಡನೆಯದು ಹೊರಗೆ ಬಂತು.

ಅವನ ಬಾಟಲಿಯಲ್ಲಿ ಹನಿಯಾದರೂ ಇದ್ದೀತೆಂದು ಸೈಕಲ್ಲಿನಿಂದ ಕಿತ್ತೆ. ಕೈಗೆ ಭಾರ ಹತ್ತಿತು. ಮುಚ್ಚಳ ತೆಗೆದು ನೋಡಿದರೆ ಕಂಠದವರೆಗೆ ನೀರು. ನನಗಾಗಿ ಇಟ್ಟಿದ್ದ. ನಾನು ಅವನಿಗಾಗಿ ಇಟ್ಟುಕೊಂಡೇ ಏರು ಹತ್ತಿದ್ದೆ. ಇಬ್ಬರ ಬಳಿಯೂ ನೀರಿತ್ತು, ಇಬ್ಬರೂ ಕುಡಿದಿರಲಿಲ್ಲ. ನಮ್ಮ ಮನೆತನದ ಮರ್ಯಾದೆಗೆ ಬೆಂಕಿ ಹಚ್ಚಬೇಕು ಅನ್ನಿಸಿತು. ಆ ನೀರನ್ನು ಅವನ ತಲೆಗೆ, ಕುತ್ತಿಗೆಗೆ, ಎದೆಗೆ ಸುರಿದೆ. ಮಗಳ ಮುಖ ಕಣ್ಣೆದುರು ಬಂದು ಅರ್ಧ ನೆಲಕ್ಕೆ ಚೆಲ್ಲಿದೆ.

ಈಗ ಬಿಟ್ಟು ಹೋಗಬೇಕೋ, ಜೊತೆಗೇ ಕೂರಬೇಕೋ. ಕೂತರೆ ಆ ದಾರಿಗೆ ಯಾರೂ ಬರುವಂತಿರಲಿಲ್ಲ. ಹೋದರೆ, ನಾನು ಬರುವಷ್ಟರಲ್ಲಿ ಏನಾದರೂ ಆದರೆ? ನನ್ನ ಅಂಗಿ ಬಿಚ್ಚಿ, ಉಳಿದ ನೀರಿನಲ್ಲಿ ತೋಯಿಸಿ ಅವನ ಎದೆಯ ಮೇಲೆ ಹಾಸಿದೆ. “ಇಲ್ಲೇ ಇರು, ಏಳಬ್ಯಾಡ, ಈಗ ಬಂದೆ” ಅಂದೆ. ಕೇಳಿಸಿತೋ ಇಲ್ಲವೋ. ಬರೀ ಬನಿಯನ್ನಿನಲ್ಲಿ ಸೈಕಲ್ ಹತ್ತಿದೆ. ಆ ಏರನ್ನು ಹೇಗೆ ತುಳಿದೆನೋ ನನಗೆ ಗೊತ್ತಿಲ್ಲ. ಬಾಯಿ ಒಣಗಿ ನಾಲಗೆ ಅಂಟಿಕೊಂಡಿತ್ತು. ತಿರುಗಿ ನೋಡಿದರೆ ಧೈರ್ಯ ಹೋಗುತ್ತದೆಂದು ನೋಡಲಿಲ್ಲ.

ಗುಡ್ಡದ ಆಚೆ ಇಳಿಜಾರಿನಲ್ಲಿ ಒಂದು ಹೊಲ. ಗಂಡ ಹೆಂಡತಿ ಸಾಮಾನಿನ ಆಟೊಗೆ ಟೊಮ್ಯಾಟೊ ಏರಿಸುತ್ತಿದ್ದರು. ಇಷ್ಟು ವರ್ಷ ಆಡಿದ ತೆಲುಗು ಆ ಹೊತ್ತಿಗೆ ಬಾಯಿಗೆ ಬರಲಿಲ್ಲ. “ಅಲ್ಲುಡು, ಅಲ್ಲುಡು” ಅನ್ನುತ್ತ ಹಿಂದಕ್ಕೆ ಕೈ ತೋರಿಸಿದೆ. ಅಳಿಯ ಎಂಬ ಆ ಒಂದೇ ಮಾತು ಅವರಿಗೆ ಸಾಕಾಯಿತು. ಗಂಡ ಬುಟ್ಟಿಗಳನ್ನು ಇಳಿಸಿಯೇಬಿಟ್ಟ. ಹೆಂಡತಿ ನೀರಿನ ಕೊಡ ಎತ್ತಿಕೊಂಡು ಹತ್ತಿದಳು. “ಭಯಪಡಕುಂಡ್ರಿ” ಎಂದು ಸಮಾಧಾನ ಹೇಳುತ್ತ ನನಗೆ ಚೊಂಬು ಚಾಚಿದಳು. ಒಲ್ಲೆ ಎನ್ನದೆ ಗಟಗಟ ಕುಡಿದೆ.

ಅವನು ಬಂಡೆಯ ಬುಡದಲ್ಲೇ ಇದ್ದ. ಕರೆದರೆ ರೆಪ್ಪೆ ಅಲುಗಿತು. ಕೊಡದ ನೀರು ಮೈಮೇಲೆ ಹೊಯ್ದು, ಮೂವರೂ ಸೇರಿ ಆಟೊದ ಹಿಂಭಾಗಕ್ಕೆ ಎತ್ತಿದೆವು. ಅವನ ಸೈಕಲ್ ಅಲ್ಲೇ ಬಿದ್ದಿತ್ತು, ನನ್ನದು ಹೊಲದಲ್ಲಿ, ಯಾರಿಗೂ ಅವುಗಳ ನೆನಪಾಗಲಿಲ್ಲ. ಕಬ್ಬಿಣದ ತಗಡು ಕಾದಿತ್ತು. ನಾನು ಕಾಲು ಮಡಿಚಿ ಕೂತು ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ.

ಆಟೊ ಗರಸಿನ ಮೇಲೆ ಕುಣಿಯುತ್ತ ಹೊರಟಿತು. ಸ್ವಲ್ಪ ದೂರ ಹೋದ ಮೇಲೆ ಅವನಿಗೆ ತಾನು ಎಲ್ಲಿ ಮಲಗಿದ್ದೇನೆಂದು ತಿಳಿಯಿತು ಎಂದು ಕಾಣುತ್ತದೆ. ತಲೆ ಎತ್ತಲು ನೋಡಿದ.

“ಬ್ಯಾಡ್ರಿ ಮಾವಾರ... ತಪ್ಪಾಕೈತ್ರಿ.”

“ಸುಮ್ಮ ಮಕ್ಕೋ” ಎಂದು ಹಣೆಯ ಮೇಲೆ ಅಂಗೈ ಒತ್ತಿ ಹಿಡಿದೆ.

ಮಲಗಿದ. ಆದರೆ ಕತ್ತು ಬಿಗಿಯಾಗಿಯೇ ಇತ್ತು. ಆ ಸ್ಥಿತಿಯಲ್ಲೂ ತಲೆಯ ಭಾರವನ್ನು ನನ್ನ ಮೇಲೆ ಬಿಡದೆ ಹಿಡಿದುಕೊಂಡಿದ್ದ. ಹುಚ್ಚ, ಬಿಡು ಎಂದು ಮನಸ್ಸಿನಲ್ಲೇ ಬೈಯುತ್ತಿದ್ದೆ. ಒಂದು ತಿರುವಿನಲ್ಲಿ ಕತ್ತು ಸಡಿಲಾಗಿ ಇಡೀ ತಲೆ ನನ್ನ ತೊಡೆಯ ಮೇಲೆ ಭಾರವಾಗಿ ಕೂತಿತು. ಬೆರಳನ್ನು ಅವನ ಮೂಗಿನ ಕೆಳಗೆ ಹಿಡಿದೆ. ಬಿಸಿ ಉಸಿರು ತಾಗಿತು. ಆಸ್ಪತ್ರೆಯ ಬಾಗಿಲು ಬರುವವರೆಗೂ ಆ ಬೆರಳನ್ನು ನಾನು ತೆಗೆಯಲಿಲ್ಲ.