ನಡುಪುಟಕ್ಕೆ ಪಿನ್ ಹೊಡೆಯುವ ಅಕ್ಕ

ಬೆಳಗಿನ ಐದೂವರೆ. ಬೀದಿಯಲ್ಲಿ ಹಾಲಿನ ಗಾಡಿಯೊಂದು ಬಿಟ್ಟರೆ ಬೇರೆ ಸದ್ದಿಲ್ಲ. ಮೂಲೆಯ ಜೆರಾಕ್ಸ್ ಅಂಗಡಿಯ ಶಟರ್ ಮಾತ್ರ ಆಗಲೇ ಅರ್ಧ ಎದ್ದಿದೆ. ಒಳಗೆ ಐವತ್ತೆರಡರ ಹೆಂಗಸೊಬ್ಬರು ಮೇಜಿನ ಮುಂದೆ ನಿಂತು ಹಾಳೆ ಮಡಚುತ್ತಿದ್ದಾರೆ. ಆರು ಹಾಳೆ ಒಟ್ಟಿಗೆ, ಅಂಚಿಗೆ ಅಂಚು. ಮಡಿಕೆಯ ಮೇಲೆ ಸ್ಟೀಲ್ ಚಮಚದ ಬೆನ್ನನ್ನು ಒಂದೇ ಎಳೆತಕ್ಕೆ ಎಳೆದು, ಉದ್ದ ತೋಳಿನ ಸ್ಟೇಪ್ಲರ್ ಕೆಳಗೆ ತಳ್ಳಿ ಟಕ್, ಟಕ್ ಎಂದು ಎರಡು ಪಿನ್ ಹೊಡೆದರೆ ಒಂದು ಪುಸ್ತಕ ಮುಗಿಯಿತು. ಇವತ್ತು ಆ ಏಟು ಬೇಕಾದ್ದಕ್ಕಿಂತ ಜೋರಾಗಿ ಬೀಳುತ್ತಿದೆ.

"ಸಿಟ್ಟು ಅವರ ಮೇಲೆ ತಾನೆ? ಪಾಪ, ಸ್ಟೇಪ್ಲರ್ ಏನು ಮಾಡ್ತು ನಿಂಗೆ?" ಎನ್ನುತ್ತಾರೆ ಪಕ್ಕದ ಸ್ಟೂಲಿನ ಮೇಲೆ ಕೂತು ಪುಟ ಎಣಿಸುತ್ತಿರುವ ಅತ್ತೆ. ವಯಸ್ಸು ಎಪ್ಪತ್ತೆಂಟು, ನಾಲಿಗೆಗೆ ಇನ್ನೂ ಇಪ್ಪತ್ತು.

ಸಿಟ್ಟಿಗೆ ಕಾರಣವಿದೆ. ನಾಡಿದ್ದು ಶನಿವಾರ ಊರಿನ ಕಾಮಿಕ್ಸ್ ಮೇಳ. ದೊಡ್ಡ ಪ್ರಕಾಶಕರ ಮೇಳವಲ್ಲ ಇದು. ಹಗಲು ಆಸ್ಪತ್ರೆಯಲ್ಲಿ, ಶಾಲೆಯ ವ್ಯಾನಿನಲ್ಲಿ, ಗೋದಾಮಿನಲ್ಲಿ ದುಡಿದು, ಮನೆಯ ಊಟದ ಮೇಜಿನ ಮೇಲೆ ಚಿತ್ರ ಬರೆಯುವವರು ತಮ್ಮ ಕಥೆಯನ್ನು ತಾವೇ ಐವತ್ತೋ ನೂರೋ ಪ್ರತಿ ಮಾಡಿಸಿ, ತಾವೇ ಮೇಜು ಹಾಕಿಕೊಂಡು ಮಾರುವ ಜಾಗ. ಇದು ಒಂಬತ್ತನೆಯ ವರ್ಷ. ಅಲ್ಲಿ ಮಾರಾಟವಾಗುವ ಪಿನ್ ಹೊಡೆದ ಪುಸ್ತಕಗಳೆಲ್ಲ ಹುಟ್ಟುವುದು ಈ ಮೇಜಿನ ಮೇಲೆ. ಬರೆಯುವವರೆಲ್ಲ ಇವರನ್ನು ಕರೆಯುವುದು 'ಪಿನ್ನಕ್ಕ' ಎಂದು.

ಈ ಸಲ ಮೇಳಕ್ಕೆ ಪ್ರಾಯೋಜಕರು ಬಂದಿದ್ದಾರೆ, ಹವಾನಿಯಂತ್ರಿತ ಸಭಾಂಗಣ ಬಂದಿದೆ. ಜೊತೆಗೇ ಒಂದು ಸುತ್ತೋಲೆಯೂ ಬಂದಿದೆ: ಗೋಂದು ಹಾಕಿದ ಚೌಕ ಬೆನ್ನಿನ, ಪ್ರೆಸ್ಸಿನಲ್ಲಿ ಅಚ್ಚಾದ ಪುಸ್ತಕಗಳಿಗೆ ಮಾತ್ರ ಒಳಗೆ ಮೇಜು. ಪಿನ್ ಹೊಡೆದವು ಹೊರಗೆ, ಗಾಡಿ ನಿಲ್ಲಿಸುವ ಜಾಗದ ಪಕ್ಕದಲ್ಲಿ. ಆ ಸುತ್ತೋಲೆಯ ಎಂಬತ್ತು ಪ್ರತಿ ತೆಗೆಸಲು ಸಮಿತಿಯವರು ಬಂದದ್ದು ಎಲ್ಲಿಗೆ ಎನ್ನುತ್ತೀರಿ? ಇದೇ ಅಂಗಡಿಗೆ. ಮಿಷನ್ನಿನಿಂದ ಬಿಸಿಬಿಸಿಯಾಗಿ ಹೊರಬಂದ ಹಾಳೆಯನ್ನು ಮೊದಲು ಓದಿದವರೂ ಪಿನ್ನಕ್ಕನೇ. ಕೊಡುವವರಿಗೆ ನಾಚಿಕೆಯಿರಲಿಲ್ಲ, ತೆಗೆದುಕೊಟ್ಟವರಿಗೆ ಅವತ್ತು ಊಟ ಸೇರಲಿಲ್ಲ.

"ಇಪ್ಪತ್ತನಾಲ್ಕು ಪುಟದ ಪುಸ್ತಕಕ್ಕೆ ಬೆನ್ನೇ ಇರಲ್ಲ. ಗೋಂದು ಎಲ್ಲಿ ಹಚ್ತಾರೆ, ಇವರ ತಲೆಗಾ?" ಎಂದು ಮಾತಾಡಿಸಲು ಬಂದ ಪತ್ರಿಕೆಯವರನ್ನು ಕೇಳುತ್ತಾರೆ ಪಿನ್ನಕ್ಕ. ಹೀಗೆ ಹೊರಗೆ ಬಿದ್ದವರು ಹನ್ನೆರಡು ಮಂದಿ. ವರ್ಷಪೂರ್ತಿ ಬರೆದದ್ದನ್ನು ಬಿಸಿಲಿನಲ್ಲಿ ಹರಡಿಕೊಂಡು ಕೂರಬೇಕಾದವರು.

ಗಂಡ ತೀರಿಕೊಂಡು ಹನ್ನೊಂದು ವರ್ಷ. ಅಂಗಡಿ ಮಾರಿಬಿಡು ಎಂದು ಬುದ್ಧಿ ಹೇಳದ ನೆಂಟರಿಲ್ಲ. ಮಾರಬೇಡ ಎಂದವರು ಅತ್ತೆ ಒಬ್ಬರೇ. ಮಾರನೆಯ ದಿನವೇ ಸ್ಟೂಲ್ ಎಳೆದುಕೊಂಡು ಕೂತವರು ಇನ್ನೂ ಎದ್ದಿಲ್ಲ. ಮೊದಮೊದಲು ಬರುತ್ತಿದ್ದದ್ದು ಗುರುತಿನ ಚೀಟಿ, ಅಂಕಪಟ್ಟಿ, ಬಾಡಿಗೆ ಪತ್ರ. ಆಮೇಲೊಂದು ದಿನ, ರಾತ್ರಿಪಾಳಿ ಮುಗಿಸಿದ ನರ್ಸ್ ಒಬ್ಬಳು ತಾನು ಬರೆದ ಕಾಮಿಕ್ಸ್ ಹಿಡಿದು ಬಂದಳು. ವಾರ್ಡಿನ ಕಥೆ. ಒಂದು, ಎರಡು, ಮೂರು ಎಂದು ಸಾಲಾಗಿ ಜೋಡಿಸಿದ್ದಳು. ಇವರೂ ಹಾಗೆಯೇ ತೆಗೆದು ಮಡಚಿಕೊಟ್ಟರು. ಬಿಚ್ಚಿ ನೋಡಿದರೆ ಸತ್ತ ರೋಗಿ ನಾಲ್ಕು ಪುಟ ಆದಮೇಲೆ ಎದ್ದು ಕೂತು ಮಾತ್ರೆ ನುಂಗುತ್ತಿದ್ದಾನೆ. ಅತ್ತೆ ಇವತ್ತಿಗೂ ಅದನ್ನು ನೆನೆದು ನಗುತ್ತಾರೆ. "ಅದೇ ಚೆನ್ನಾಗಿತ್ತು ಕಣೇ," ಎನ್ನುತ್ತಾರೆ.

ಅಂದಿನಿಂದ ಅಂಗಡಿಗೊಂದು ಕಟ್ಟುಪಾಡು. ಯಾರೇ ಬರಲಿ, ರದ್ದಿ ಹಾಳೆಯಲ್ಲಿ ಪುಟ್ಟ ಡಮ್ಮಿ ಪುಸ್ತಕ ಮಡಚಿ, ಪೆನ್ಸಿಲಿನಲ್ಲಿ ಪುಟಸಂಖ್ಯೆ ಬರೆದು ತೋರಿಸುವವರೆಗೂ ಮಿಷನ್ ಆನ್ ಆಗುವುದಿಲ್ಲ. ಮೊದಲ ಪುಟದ ಜೊತೆ ಒಂದೇ ಹಾಳೆ ಹಂಚಿಕೊಳ್ಳುವುದು ಕೊನೆಯ ಪುಟ ಎಂಬುದು ಹಾಗೆ ಮಡಚಿದಾಗಲೇ ಕೈಗೆ ಅರ್ಥವಾಗುವುದು. ಮಡಚಿದಾಗ ಒಳಗಿನ ಹಾಳೆ ಹೊರಗೆ ಇಣುಕುತ್ತದೆ, ಕತ್ತರಿಸುವಾಗ ಅದರ ಅಂಚೇ ಹೆಚ್ಚು ಹೋಗುತ್ತದೆ. "ನಡುವಿನ ಪುಟದಲ್ಲಿ ಅಂಚಿಗೆ ಮುಖ ಬರೀಬೇಡಿ, ಕಿವಿ ಹೋಗುತ್ತೆ" ಎಂದು ಒಂಬತ್ತು ವರ್ಷದಿಂದ ಹೇಳಿಕೊಡುತ್ತಿದ್ದಾರೆ. ಮೇಳದ ಹಿಂದಿನ ವಾರ ದಿನಕ್ಕೆ ನೂರೈವತ್ತು ಪುಸ್ತಕ, ಮುನ್ನೂರು ಪಿನ್. ಬಲಗೈ ಹೆಬ್ಬೆರಳು ಈಗ ಪೂರ್ತಿ ಮಡಚುವುದಿಲ್ಲ. ಮೇಳದ ಹಳೆಯ ಕೈಪಿಡಿಗಳನ್ನು ತೆಗೆದು ನೋಡಿದರೆ ಕೃತಜ್ಞತೆಯ ಪುಟದಲ್ಲಿ ಮೈಕಿನವನಿದ್ದಾನೆ, ಹೂಕುಂಡ ಕೊಟ್ಟವರಿದ್ದಾರೆ, ಅಧ್ಯಕ್ಷರ ಬೆಕ್ಕೂ ಇದೆ. ಇವರಿಲ್ಲ.

ಆರು ಗಂಟೆಗೆ ಶಟರಿನ ಕೆಳಗೆ ಎರಡು ಹೊಳೆಯುವ ಬೂಟು ಕಾಣಿಸುತ್ತವೆ. ಮೇಳದ ಕಾರ್ಯದರ್ಶಿ. ಕಂಕುಳಲ್ಲಿ ಸಮಿತಿಯ ವಿಶೇಷ ಸಂಕಲನ, ನಿನ್ನೆ ಸಂಜೆ ಪ್ರೆಸ್ಸಿನಿಂದ ಬಂದದ್ದು. ನಲವತ್ತೆಂಟು ಪುಟ, ಚೌಕ ಬೆನ್ನು, ಮಿನುಗುವ ಹೊದಿಕೆ. ಮುಖ ಮಾತ್ರ ಸುಟ್ಟ ಬದನೆಕಾಯಿ ಆಗಿದೆ.

"ಮೇಡಂ, ಸ್ವಲ್ಪ ಎಡವಟ್ಟಾಗಿದೆ," ಎಂದು ಅವರು ನಡುಪುಟ ಬಿಚ್ಚುತ್ತಾರೆ. ಬಿಚ್ಚಲು ನೋಡುತ್ತಾರೆ ಎನ್ನಬೇಕು, ಪುಸ್ತಕ ಅರ್ಧಕ್ಕೇ ನಿಲ್ಲುತ್ತದೆ. ಎರಡು ಪುಟಕ್ಕೆ ಹರಡಿದ ಆ ಚಿತ್ರ ಅದೇ ನರ್ಸಿನದು. ಎಡಗಡೆಯಿಂದ ರೋಗಿಯ ಕೈ, ಬಲಗಡೆಯಿಂದ ಅವಳ ಕೈ. ಎರಡೂ ನಡುವೆ ಹಿಡಿದುಕೊಳ್ಳಬೇಕು. ಹಿಡಿದುಕೊಂಡ ಬೆರಳುಗಳನ್ನೆಲ್ಲ ಗೋಂದಿನ ಬೆನ್ನು ನುಂಗಿಹಾಕಿದೆ. ಉಳಿದಿರುವುದು ಎರಡು ಮುಂಗೈ.

ಮತ್ತೆ ಮಾಡಿಕೊಡಲು ಪ್ರೆಸ್ಸಿನವರು ಒಂದು ವಾರ ಕೇಳುತ್ತಿದ್ದಾರಂತೆ. ಶನಿವಾರ ಬೆಳಗ್ಗೆಗೆ ಇಲ್ಲೇ ಮುನ್ನೂರು ಪ್ರತಿ ತೆಗೆದು, ಪಿನ್ ಹೊಡೆದು ಕೊಡಬೇಕಂತೆ. ಪಿನ್ ಹೊಡೆದರೆ ನಡುವಿನ ಹಾಳೆ ಅಖಂಡವಾಗಿ ಬಿಚ್ಚಿಕೊಳ್ಳುತ್ತದಲ್ಲ ಎಂದು ಯಾರೋ ಹೇಳಿದರಂತೆ.

"ಪಿನ್ನಿನ ಪುಸ್ತಕ ಒಳಗೆ ಬರಬಾರದು ಅಂದವರು ನೀವೇ ಅಲ್ವಾ ಸರ್?"

"ಅದು ಬೇರೆ ಮೇಡಂ. ಇದು ಸಮಿತಿಯ ಸಂಕಲನ."

ಪಿನ್ನಕ್ಕನ ಕಣ್ಣು ಕೆಂಪಗಾಗುತ್ತದೆ. ಚಮಚ ಮೇಜಿನ ಮೇಲೆ ಕುಕ್ಕುತ್ತಾರೆ. "ಆ ಹುಡುಗಿ ಚಿತ್ರ ನಿಮ್ಮ ಪುಸ್ತಕಕ್ಕೆ ಬೇಕು. ಆ ಹುಡುಗಿ ಪುಸ್ತಕ ಮಾತ್ರ ಹೊರಗೆ, ಕಾರುಗಳ ಮಧ್ಯೆ. ಹೌದಾ?"

ಪಿನ್ನಕ್ಕ ರದ್ದಿ ಹಾಳೆಗಳನ್ನು ಅವರ ಮುಂದೆ ತಳ್ಳುತ್ತಾರೆ. "ಮಡಚಿ. ನಂಬರ್ ಹಾಕಿ. ಇಲ್ಲಿ ಎಲ್ರಿಗೂ ಒಂದೇ ನಿಯಮ." ಒಂಬತ್ತು ವರ್ಷ ಕಾಮಿಕ್ಸ್ ಮೇಳದ ಕಾರ್ಯದರ್ಶಿಯಾಗಿರುವವರು ಹನ್ನೆರಡು ಹಾಳೆ ಮಡಚಿ, ಬೆರಳು ಹಾಕಿಕೊಂಡು ಎಣಿಸಿ, ಒಂದನೆಯ ಪುಟದ ಜೊತೆ ಎರಡನೆಯದನ್ನೇ ಬರೆಯುತ್ತಾರೆ. "ಈಗಿನ್ನೂ ಕಲೀತಿದ್ದಾರೆ, ಬಿಡು," ಎನ್ನುತ್ತಾರೆ ಅತ್ತೆ.

ಆಗ ಪಿನ್ನಕ್ಕ ಈ ಅಂಗಡಿಯಲ್ಲಿ ಹಿಂದೆಂದೂ ಮಾಡದ ಕೆಲಸ ಮಾಡುತ್ತಾರೆ. ಕೆಲಸ ಬಾಕಿಯಿರುವಾಗಲೇ ಮಿಷನ್ನಿನ ಸ್ವಿಚ್ ಆರಿಸುತ್ತಾರೆ. "ಹನ್ನೆರಡು ಜನಕ್ಕೂ ಒಳಗೆ ಮೇಜು. ಬರವಣಿಗೆಯಲ್ಲಿ. ಆಮೇಲೆ ಮಿಷನ್ ಹಾಕ್ತೀನಿ."

ಕಾರ್ಯದರ್ಶಿ ಬೆವರೊರೆಸಿಕೊಂಡು, ಅಧ್ಯಕ್ಷರನ್ನು ಕೇಳಬೇಕು ಎಂದು ಹೊರಡುತ್ತಾರೆ. ಪಿನ್ನಕ್ಕ ಕೈಕಟ್ಟಿ ಕೂರುತ್ತಾರೆ. "ಅವರು ಬೇರೆ ಕಡೆ ಹೋದ್ರೆ ಹೋಗ್ಲಿ. ಆದ್ರೆ ಮುಂದಿನ ವರ್ಷ ನಮ್ಮವರು ಬರೆಯೋದೇ ಬಿಟ್ಬಿಟ್ರೆ? ಅದೊಂದೇ ನಂಗೆ ಭಯ," ಎನ್ನುತ್ತಾರೆ.

ಎಂಟಕ್ಕೆ ಕಾರ್ಯದರ್ಶಿಯ ಫೋನ್. ಅತ್ತೆ ಎತ್ತಿ, ಕೇಳಿ, ಸೊಸೆಗೆ ಹೇಳುತ್ತಾರೆ: "ಹತ್ತು ಮೇಜು ಕೊಡ್ತಾರಂತೆ."

ಪಿನ್ನಕ್ಕ ಫೋನ್ ಕಸಿದುಕೊಳ್ಳುತ್ತಾರೆ. "ಸರ್, ಹನ್ನೆರಡು ಜನರಲ್ಲಿ ಯಾರಿಬ್ಬರು ಹೊರಗೆ ಅಂತ ನೀವೇ ಇಲ್ಲಿಗೆ ಬಂದು, ಅವರ ಮುಖ ನೋಡಿ ಹೇಳಿ. ನಾನು ಎಲ್ರನ್ನೂ ಕರೆಸ್ತೀನಿ." ಪಿನ್ನಕ್ಕ ಫೋನ್ ಇಡುತ್ತಾರೆ.

ಒಂಬತ್ತೂ ಕಾಲಿಗೆ ಕಾರ್ಯದರ್ಶಿಯೇ ಬರುತ್ತಾರೆ. ಕೈಯಲ್ಲಿ ಸಹಿ ಮಾಡಿದ ಹೊಸ ಸುತ್ತೋಲೆ. ಹನ್ನೆರಡು ಮೇಜು, ಸಭಾಂಗಣದ ಒಳಗೆ. ಪಿನ್ನಕ್ಕ ಎರಡು ಸಲ ಓದಿ, ಸ್ವಿಚ್ ಹಾಕುತ್ತಾರೆ. ಮೂರು ಸಾವಿರದ ಆರುನೂರು ಹಾಳೆ, ಮುನ್ನೂರು ಹೊದಿಕೆ, ಆರುನೂರು ಪಿನ್. ಕೈಯಲ್ಲಿ ಎರಡು ದಿನವೂ ಪೂರ್ತಿಯಿಲ್ಲ. ಹೊರಡುವ ಮುಂಚೆ ಕಾರ್ಯದರ್ಶಿ ದನಿ ತಗ್ಗಿಸಿ, ಪತ್ರಿಕೆಯವರು ಬಂದಿದ್ದಾರಂತಲ್ಲ, ಇದೆಲ್ಲ ಅವರ ಕಿವಿಗೆ ಬೀಳುವುದು ಬೇಡ, ಬೇಕಿದ್ದರೆ ನಿಮ್ಮನ್ನು ವೇದಿಕೆಗೆ ಕರೆದು ಶಾಲು ಹೊದಿಸೋಣ ಎನ್ನುತ್ತಾರೆ.

ಪಿನ್ನಕ್ಕ ತಲೆ ಎತ್ತದೆ ಮೊದಲ ಹನ್ನೆರಡು ಹಾಳೆಗಳನ್ನು ಮೇಜಿಗೆ ಕುಟ್ಟಿ ಸಮ ಮಾಡುತ್ತಾರೆ. ಆಮೇಲೆ ಮಾತಾಡುವುದು ಕಾರ್ಯದರ್ಶಿಯ ಜೊತೆಗಲ್ಲ, ಪತ್ರಿಕೆಯವರ ಜೊತೆಗೆ.

"ಶಾಲು ಕೊಡ್ತೀನಿ ಅಂದದ್ದನ್ನೂ ಬರ್ಕೊಳ್ಳಿ. ಕಲಾಸೇವೆ ಗಿಲಾಸೇವೆ ಅಂತೆಲ್ಲ ಬೇಡ, ಪಿನ್ ಹೊಡೆಯೋಳು ಅಂತ್ಲೇ ಬರೀರಿ. ಒಂಬತ್ತು ವರ್ಷ ಆಯ್ತು. ಈ ಕೈಯಿಂದ ಹೋದ ಪುಸ್ತಕದ್ದು ಒಂದು ಹಾಳೆನೂ ಇವತ್ತಿನವರೆಗೆ ಕಳಚಿಕೊಂಡು ಬಂದಿಲ್ಲ."