ಕಂಪ್ಯೂಟರಿನಲ್ಲಿ ನೆಟ್ಟಗಾದ ಪ್ರಭಾವಳಿ

ನಮ್ಮ ಮನೆದೇವರು ವೀರಭದ್ರಸ್ವಾಮಿ ಒಂದು ವರ್ಷ ದಂಡಿನಶಿವರದಲ್ಲಿ ನನ್ನ ಹಿರಿಯ ವಾರಗಿತ್ತಿಯ ಮನೆಯಲ್ಲಿದ್ದರೆ, ಮರುವರ್ಷ ನಮ್ಮಲ್ಲಿ. ಈ ಸಲ ನಮ್ಮ ಸರದಿಯಲ್ಲೇ ಅಟ್ಟದ ಗಳ ಮುರಿದು, ಕೊಬ್ಬರಿಯಾಗಲೆಂದು ಮೇಲೆ ಹಾಕಿದ್ದ ಕಾಯಿಗಳೆಲ್ಲ ದೇವರ ಮೂಲೆಗೆ ಸುರಿದವು. ಆ ಹೊತ್ತಿಗೆ ನಾನು ಹಿತ್ತಿಲಿನಲ್ಲಿದ್ದೆ, ತಲೆ ಉಳಿಯಿತು. ವಿಗ್ರಹಕ್ಕೂ ಏನೂ ಆಗಲಿಲ್ಲ. ಅಷ್ಟು ಕರುಣೆ ಇತ್ತು. ಆದರೆ ವಿಗ್ರಹದ ಹಿಂದಿನ ಹಿತ್ತಾಳೆ ತಗಡಿನ ಪ್ರಭಾವಳಿ ತಿರುಚಿಕೊಂಡು ಬಿರುಕು ಬಿಟ್ಟಿತು. ಬಡಿದರೆ ಎರಡು ಚೂರಾಗುತ್ತದೆ ಎಂದು ಬೆಸುಗೆಯವರು ಕೈಚೆಲ್ಲಿದರು.

ಆ ಪ್ರಭಾವಳಿ ಬರೀ ಅಲಂಕಾರಕ್ಕಲ್ಲ. ಅದರ ನೆತ್ತಿಯಲ್ಲಿ ಒಂದು ಸಿಂಹದ ಮುಖವಿದೆ. ದಿನಾ ಅದರ ಬಾಯಿಗೆ ಹೂ ಮುಡಿಸುತ್ತೇವೆ. ಮುಖ್ಯವಾದ ಮಾತು ಬಂದಾಗ ಸಿಂಹದ ಬಾಯಿಗೆ ಕಣಗಿಲೆ ಹೂ ಸಿಕ್ಕಿಸಿ ಸ್ವಾಮಿಯನ್ನು ಕೇಳುತ್ತೇವೆ. ಬಲಕ್ಕೆ ಬಿದ್ದರೆ ಒಪ್ಪಿಗೆ, ಎಡಕ್ಕೆ ಬಿದ್ದರೆ ಇಲ್ಲ.

ವಿಷಯ ತಿಳಿದ ವಾರಗಿತ್ತಿ ಫೋನ್ ಮಾಡಿದರು. "ನಿಮ್ಮನೇಲಿರೋಕೆ ಸ್ವಾಮಿಗೆ ಮನಸ್ಸಿಲ್ಲ ಅಂತ ಕಾಣುತ್ತೆ ಕಣೇ. ಸೋಮವಾರ ಬತ್ತೀನಿ. ಹೂ ಕೇಳಾನ. ಎಡಕ್ಕೆ ಬಿದ್ರೆ ಕರ್ಕೊಂಡ್ ಬತ್ತೀನಿ, ಇನ್ಮೇಲೆ ಇಲ್ಲೇ ಇರ್ಲಿ."

ಇನ್ನು ಮೇಲೆ ಎಂದರೆ ಮತ್ತೆ ನಮ್ಮ ಸರದಿಯೇ ಇಲ್ಲ.

ತಿಪಟೂರಿನಲ್ಲಿ ತಗಡನ್ನು ಮಿಷನ್ನಿನಲ್ಲಿ ಕತ್ತರಿಸಿಕೊಡುವ ಅಂಗಡಿಯಿದೆ ಎಂದರು. ಹಳೆಯದನ್ನು ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಹೋದೆ. ಒಳಗೆ ಕೊಡಿ ಎಂದರು, ಕೊಡಲಿಲ್ಲ. ಹಳೆಯ ಕಾಲದ ಹಿತ್ತಾಳೆ, ಒಳಗೆ ಹೋದದ್ದು ಅದೇ ಆಗಿ ಹೊರಗೆ ಬರುತ್ತದೆಂದು ಏನು ಖಾತ್ರಿ? ಅಲ್ಲೇ ಫೋಟೋ ತೆಗೆಸಿ ಮತ್ತೆ ತೊಡೆಯ ಮೇಲಿಟ್ಟುಕೊಂಡೆ.

ಡಿಸೈನ್ ಮಾಡುವ ಹುಡುಗಿ ಫೋಟೋದ ಮೇಲೆ ಗೆರೆ ಎಳೆದು ಪ್ರಭಾವಳಿಯನ್ನು ಕಂಪ್ಯೂಟರಿನಲ್ಲಿ ಬರೆದಳು. ಬರೆದದ್ದೂ ತಿರುಚಿಕೊಂಡೇ ಇತ್ತು. ಆಮೇಲೆ ಅದರ ಮೇಲೊಂದು ಬಲೆ ಹಾಸಿದಳು. ಬಲೆಯ ಗಂಟನ್ನು ಹಿಡಿದು ಎಳೆದರೆ ಒಳಗಿನ ಗೆರೆಯೂ ಜೊತೆಗೆ ಬರುತ್ತದೆ. ಕಮಾನು ನೆಟ್ಟಗಾಯಿತು. ಇನ್ನೊಂದು ಟೂಲ್ ತಗೊಂಡಳು, ಸಿಂಹದ ಕೆನ್ನೆ ಉಬ್ಬಿತು. ಮತ್ತೊಂದರಲ್ಲಿ ಮೀಸೆ ಸುರುಳಿ ಸುತ್ತಿತು. ಅವಳ ಕೈ ಬಾಯಿಯ ಹತ್ತಿರ ಹೋದಾಗ ನನಗೆ ತಡೆಯಲಾಗಲಿಲ್ಲ.

"ಅದು ದೇವ್ರ ಸಾಮಾನು ಕಣಮ್ಮ, ಒಬ್ಬಟ್ಟಿನ ಕಣಕ ಅಲ್ಲ. ಬಾಯಿ ಮುಟ್ಟಬೇಡ."

"ಮುಟ್ದೇ ಇದ್ರೆ ಸೊಟ್ಟಗೇ ಇರುತ್ತೆ ಆಂಟಿ. ಮೊದ್ಲು ಹೆಂಗಿತ್ತು, ನೀವೇ ಹೇಳಿ."

ಹೇಳಲು ನನಗೆ ಗೊತ್ತಿರಲಿಲ್ಲ. ಮನೆಯ ಪೂಜೆಯ ಫೋಟೋಗಳನ್ನೆಲ್ಲ ನನ್ನ ಫೋನಿನಲ್ಲಿ ಹುಡುಕಿಸಿದೆ. ಒಂದೊಂದರಲ್ಲೂ ಸಿಂಹದ ಬಾಯಿ ಹೂವಿನಲ್ಲಿ ಮುಚ್ಚಿಹೋಗಿತ್ತು. ಇಷ್ಟು ವರ್ಷ ದಿನಾ ಹೂ ಮುಡಿಸಿದವಳು ನಾನು, ಬಾಯಿಯನ್ನೇ ನೋಡಿರಲಿಲ್ಲ.

ಕೊನೆಗೆ ಹುಡುಗಿ ತನಗೆ ಸರಿಕಂಡಂತೆ ಎರಡೂ ತುಟಿ ಎಳೆದು ಸಮ ಮಾಡಿದಳು. ಎಳೆಯುವಾಗ ಬಲತುಟಿ ಕೂದಲೆಳೆಯಷ್ಟು ಕೆಳಗಿಳಿದಂತೆ ನನಗೆ ಕಂಡಿತು. ಇಲ್ಲ ಆಂಟಿ, ಎರಡೂ ಒಂದೇ ಅಂದಳು. ನಾನು ನಂಬಲಿಲ್ಲ. ಬಲತುಟಿ ತಗ್ಗಿದರೆ ಹೂ ಬಲಕ್ಕೇ ಜಾರುತ್ತದೆ. ಆದರೂ ಮೇಲಕ್ಕೆ ಎಳಿ ಎಂದು ಹೇಳಲು ಬಾಯಿ ಬರಲಿಲ್ಲ. ಮಿಷನ್ನು ಹೊಸ ಹಿತ್ತಾಳೆ ತಗಡನ್ನು ಹಾಗೇ ಕತ್ತರಿಸಿತು. ಬಸ್ ಸ್ಟ್ಯಾಂಡಿನಲ್ಲಿ ಫ್ಲೆಕ್ಸಿನ ತುಂಬ ನಗುತ್ತಿದ್ದ ಮುಖಗಳನ್ನು ನೋಡಿದೆ. ಇವರನ್ನು ಎಷ್ಟು ಎಳೆದಿದ್ದಾರೋ ಅನ್ನಿಸಿತು.

ಸೋಮವಾರ ವಾರಗಿತ್ತಿ ಬಂದವರು ಕಾಫಿ ಕೂಡ ಮುಟ್ಟದೆ ಪ್ರಭಾವಳಿಯ ಮುಂದೆ ಕೂತರು. ಮುಂದಿನಿಂದ ನೋಡಿದರು, ಹಿಂದೆ ಬಗ್ಗಿ ನೋಡಿದರು, ಬಾಯಿಯೊಳಗೆ ಬೆರಳಿಟ್ಟು ಸವರಿದರು.

"ಯಾರು ಬರ್ದಿದ್ದು ಇದ್ನ?"

"ಕಂಪ್ಯೂಟರಲ್ಲಿ ಅಕ್ಕ."

"ಹೂ ಯಾವ ಕಡೆ ಬೀಳ್ಬೇಕು ಅಂತಾನೂ ಅದಕ್ಕೆ ಹೇಳ್ಕೊಟ್ಟಿದ್ದೀಯೇನೋ."

ಅವರ ಅನುಮಾನವೇ ನನ್ನದೂ ಆಗಿತ್ತು. ನೀವೇ ಹೂ ಇಡಿ ಅಕ್ಕ ಎಂದು ಬುಟ್ಟಿ ಅವರ ಮುಂದೆ ಸರಿಸಿದೆ. ಅವರೇ ಕಣಗಿಲೆ ಆರಿಸಿ, ಅವರೇ ಸಿಕ್ಕಿಸಿ, ಕೈಮುಗಿದು ಕೇಳಿದರು. ನಾನು ಕಣ್ಣುಮುಚ್ಚಿದ್ದೆ. ತೆರೆದಾಗ ಹೂ ಬಲಕ್ಕೆ ಬಿದ್ದಿತ್ತು.

ವಾರಗಿತ್ತಿ ಅದನ್ನು ಎತ್ತಿ ಕಣ್ಣಿಗೊತ್ತಿಕೊಂಡು, "ಸರಿ, ಸರದಿ ಇದ್ದಂಗೇ ಇರ್ಲಿ ಬುಡು," ಎಂದು ಕಾಫಿ ಕೇಳಿದರು.

ಸಂತೋಷಪಡಬೇಕಾದವಳು ನಾನು. ಆದರೆ ಒಪ್ಪಿದ್ದು ಸ್ವಾಮಿಯೋ, ಆ ಹುಡುಗಿ ಎಳೆದ ಬಲೆಯೋ? ವಾರಗಿತ್ತಿ ಬಸ್ಸು ಹತ್ತಿದ ಮೇಲೂ ಅದೇ ಕೊರೆಯಿತು. ಹೂ ಇಟ್ಟು ಪರೀಕ್ಷೆ ಮಾಡೋಣ ಎಂದರೆ ದೇವರನ್ನು ಪರೀಕ್ಷಿಸಿದ ಪಾಪ.

ಎರಡು ದಿನ ಬಾಯಿಗೆ ಹೂವನ್ನೇ ಇಡಲಿಲ್ಲ. ಮೂರನೆಯ ಬೆಳಿಗ್ಗೆ, ಬೋಳಾಗಿ ಕಾಣುತ್ತದೆಂದು, ಏನನ್ನೂ ಕೇಳದೆ ಒಂದು ಕಣಗಿಲೆ ಸಿಕ್ಕಿಸಿ ದೀಪದ ಬತ್ತಿ ಸರಿಮಾಡುತ್ತಿದ್ದೆ. ಹೂ ಜಾರಿ ಎಡಕ್ಕೆ ಬಿತ್ತು. ಎಡಕ್ಕೆ ಬಿದ್ದ ಹೂವಿಗೆ ನಾನು ಅಡ್ಡಬಿದ್ದದ್ದು ಅದೇ ಮೊದಲು.